ಮಗನ ಲೇಸರ್ ಮಷೀನು

ಮಗ ಲೇಸರ್ ಕಟರ್ ತರ್ತಾನಂತ, ಹಿಂದಿನ ಖೋಲ್ಯಾಗ ಇಡ್ತಾನಂತ. “ಅವ್ವಾ, ನಿನಗ ರಂಗೋಲಿ ಅಚ್ಚು ಮಾಡಿಕೊಡ್ತೇನಿ” ಅಂದ. ನನಗೂ ಆಸೆ ಆತ್ರಿ. 10 ವ್ಯಾಟಿನ ಡಯೋಡ್ ಲೇಸರ್ ಅದು, 3 ಮಿ.ಮೀ. ಪ್ಲೈವುಡ್ ಕತ್ತರಸ್ತದ. ಗಾಜಿನಂಥಾ ಅಕ್ರಿಲಿಕ್‌ನ್ಯಾಗ ಮಾತ್ರ ನೀಲಿ ಬೆಳಕು ಹಾದು ಹೋಗ್ತದ, ಕತ್ತರಸೂದಿಲ್ಲ.

“ಹಳೇ ರೆಕ್ಸಿನ್ ನಡೀತದೇನೋ?” ಅಂದೆ. ನೋಡಿ ಹೇಳಿದ: ಅದರಾಗ ಪಿವಿಸಿ ಇದ್ರ, ಸುಟ್ಟಾಗ ಆಮ್ಲದ ವಿಷಗಾಳಿ ಬರ್ತದ.

ಆ ಖೋಲಿಗೆ ಇರೂದ ಒಂದ ಕಿಡಕಿ. ಬಾಜೂಕನ ಮೊಮ್ಮಗಳ ತೊಟ್ಟಿಲಾ.

“ಹೊಗಿ ಹೊರಗ ಹಾಕೂ ಪೈಪು, ಮುಚ್ಚೂ ಪೆಟಗಿ, ಆ ಲೇಸರಿಗೆ ತಕ್ಕ ಕನ್ನಡಕ ಮೊದಲ ಬರ್ಲಿ. ಒಲಿ ಮ್ಯಾಲೆ ಹಾಲಿಟ್ಟಂಗ, ಮಷೀನು ಓಡೂತನಕ ಎದುರಿಗೇ ನಿಂದರಬೇಕು” ಅಂದೆ.

ಮಗ ಮತ್ತ ಲೆಕ್ಕಾ ಹಾಕ್ಲಿಕತ್ತಾನ. ಸದ್ಯ ರಂಗೋಲಿ ಕೈಲೇನ ರೀ.