ಸೋಬಾ ಅಂಗಡಿಯಲ್ಲಿ ಒಂದು ಮಧ್ಯಾಹ್ನ

ತಾಯಿಯವರೊಡನೆ ನಾವು ಟೋಕಿಯೋ ನಗರದ ಕಾಂದಾ ಭಾಗದಲ್ಲಿ ಒಂದು ಹಳೆಯ ಸೋಬಾ ಅಂಗಡಿಗೆ ಹೋಗಿದ್ದೆವು. ಸೋಬಾ ಎಂಬುದು ಮೂರು ಮೂಲೆಯ ಕಾಳು, ಗೋಧಿಯ ಜಾತಿಯದಲ್ಲ. ಉತ್ತರ ಹಿಂದೂಸ್ಥಾನದವರು ಕುಟ್ಟು ಎಂದು ಕರೆದು ಉಪವಾಸದ ದಿನ ತಿನ್ನುವುದೂ ಇದನ್ನೇ. ಈ ಮಾತು ಹೇಳಿಯೇ ತಾಯಿಯವರನ್ನು ಒಪ್ಪಿಸಿದ್ದೆವು. 8 ಪಾಲು ಸೋಬಾ ಹಿಟ್ಟಿಗೆ 2 ಪಾಲು ಗೋಧಿ ಹಿಟ್ಟು ಬೆರೆಸುವ ಪದ್ಧತಿಯೂ ಅಲ್ಲುಂಟು.

ತಣ್ಣೀರಿನಲ್ಲಿ ತೊಳೆದ ಬೂದುಬಣ್ಣದ ಶಾವಿಗೆ ಬಿದಿರಿನ ತಟ್ಟೆಯಲ್ಲಿ ಬಂದಿತು. ಅದ್ದಿಕೊಳ್ಳಲು ಬಟ್ಟಲಿನಲ್ಲಿ ಕಪ್ಪನೆಯ ಸಾರು. ಸುತ್ತಲಿನವರು ಸೊರಸೊರನೆ ಎಳೆದು ಉಣ್ಣುತ್ತಿದ್ದರು. ಅಲ್ಲಿ ಅದು ಅಸಭ್ಯವಲ್ಲ. ಆಗ ನಮಗೆ ನೆನಪಾಯಿತು: ಆ ಸಾರಿನ ಜೀವವೇ ಒಣಮೀನು! ಹಸಿದ ಆ ಮುಖವನ್ನು ನೋಡಿ, ಸುಮ್ಮನಿದ್ದುಬಿಡೋಣವೆಂಬ ದುರ್ಬುದ್ಧಿ ಕ್ಷಣಕಾಲ ಬಂದುದನ್ನು ಮುಚ್ಚಿಡಲಾರೆವು. ಕಡೆಗೆ ಹೇಳಿದೆವು. ಅವರು ಬಟ್ಟಲನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, “ಉಪ್ಪು ಸಿಕ್ಕೀತೇನೋ, ಕೇಳಿ ನೋಡಪ್ಪ” ಎಂದರಷ್ಟೆ.

ಉಪ್ಪು ಬಂದಿತು. ಊಟದ ಕೊನೆಗೆ, ಶಾವಿಗೆ ಬೇಯಿಸಿದ ಬಿಸಿನೀರನ್ನು ತಂದಿಡುವುದು ಅಲ್ಲಿನ ವಾಡಿಕೆ. ‘ಸೋಬಾಯು’ ಎಂದು ಅದರ ಹೆಸರು. ಉಳಿದ ಸಾರಿಗೆ ಬೆರೆಸಿ ಕುಡಿಯುತ್ತಾರೆ. ತಾಯಿಯವರು ಬೇರೊಂದು ಬಟ್ಟಲು ತರಿಸಿ, ಅದಕ್ಕೂ ಉಪ್ಪನ್ನೇ ಹಾಕಿಕೊಂಡರು. “ನಮ್ಮ ಗಂಜಿಯ ತಿಳಿಯಂತೆಯೇ ಇದೆ” ಎಂದು ಇನ್ನೊಂದು ಬಟ್ಟಲು ಬಗ್ಗಿಸಿಕೊಂಡರು.