ಅಜವಾನದ ಪೊಟ್ಟಣ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಅಜವಾನದ ಡಬ್ಬಿಯಿಲ್ಲದ ಮನೆ ಅಪರೂಪ. ಹೊಟ್ಟೆ ಕೆಟ್ಟರೆ ಚಿಟಿಕೆ ಅಜವಾನಕ್ಕೆ ಉಪ್ಪು ಬೆರೆಸಿ ಅಗಿಯಲು ಕೊಡುವುದು ನನ್ನ ಅವ್ವನ ಪದ್ಧತಿಯಾಗಿತ್ತು. ಮಾಸ್ತರನಾದ ಮೇಲೆ ನಾನೂ ಅದನ್ನೇ ಮುಂದುವರಿಸಿದೆ. ನನ್ನ ಜೇಬಿನಲ್ಲಿ ಸೀಮೆಸುಣ್ಣದ ಜೊತೆ ಅಜವಾನದ ಪೊಟ್ಟಣವೂ ಇರುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳಾದ ನೀವು ಮರೆತಿರಲಾರಿರಿ.

1984ರಲ್ಲಿ ಏಳನೆಯ ಇಯತ್ತೆಯ ಹುಡುಗರನ್ನು ಚಿಂಚಲಿ ಮಾಯಕ್ಕನ ಜಾತ್ರೆಗೆ ಕರೆದೊಯ್ದಿದ್ದೆ. ಹಿಂದಿನ ಸಂಜೆ ನಮ್ಮ ಮನೆಯಲ್ಲಿಯೇ ಮಾಡಿದ ಬಾಸುಂದಿ ಜೊತೆಗಿತ್ತು. ಅದು ರಾತ್ರಿಯಿಡೀ ಹಾಗೆಯೇ ಉಳಿದಿತ್ತೆಂದು ನನ್ನಾಕೆ ಅನುಮಾನಿಸಿದಾಗ, “ಕುದಿಸಿದರಾಯಿತು, ಮ್ಯಾಲ ಅಜವಾನ ಕೊಡತೀನಿ” ಎಂದು ನಾನೇ ಬಾಯಿ ಮುಚ್ಚಿಸಿದೆ. ಊಟವಾಗಿ ಮೂರು ತಾಸಿನೊಳಗೆ ಹುಡುಗರು ಒಬ್ಬೊಬ್ಬರಾಗಿ ವಾಂತಿ ಮಾಡತೊಡಗಿದರು. ನಾನು ಅಜವಾನ ಹಂಚುತ್ತ ಒಂದು ತಾಸು ಕಳೆದೆ. ಆ ಒಂದು ತಾಸು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕೊನೆಗೆ ರಾಯಬಾಗದ ದವಾಖಾನೆಗೆ ಸಾಗಿಸಿದೆವು. ಒಬ್ಬನಿಗೆ ಇಡೀ ರಾತ್ರಿ ಸಲಾಯಿನ್ ಹಚ್ಚಿದರು. ಬೆಳಿಗ್ಗೆ ಬಂದ ಅವನ ತಾಯಿ, “ನಿಮ್ಮ ಜೋಡಿ ಹೋಗ್ಯಾನಂತ ನಿಶ್ಚಿಂತಿ ಇದ್ನಿರಿ ಮಾಸ್ತರ” ಎಂದಷ್ಟೇ ಅಂದಳು.

ಸೂಕ್ಷ್ಮಜೀವಿಶಾಸ್ತ್ರ ಓದಿದ ಶಿಷ್ಯೆಯೊಬ್ಬಳು ಎಷ್ಟೋ ವರುಷಗಳ ನಂತರ ಇದನ್ನು ಬಿಡಿಸಿ ಹೇಳಿದಳು. ಅವ್ವನ ಮಾತು ಸುಳ್ಳಲ್ಲವಂತೆ. ಅಜವಾನದ ಎಣ್ಣೆಯಲ್ಲಿ ಥೈಮಾಲ್ ಹೇರಳ; ಲವಂಗದಲ್ಲಿ ಯುಜೆನಾಲ್ ಇರುವ ಹಾಗೆ. 1719ರಲ್ಲಿ ಜರ್ಮನಿಯ ಕ್ಯಾಸ್ಪರ್ ನ್ಯೂಮನ್ ಥೈಮ್ ಗಿಡದಿಂದ ಬೇರ್ಪಡಿಸಿದ ವಸ್ತುವೇ ಅದು. ಥೈಮಾಲ್ ಬ್ಯಾಕ್ಟೀರಿಯದ ಕೋಶಪೊರೆಯನ್ನು ಸಡಿಲಗೊಳಿಸುತ್ತದೆ. ಒಳಗಿನ ಪೊಟ್ಯಾಶಿಯಂ ಮೊದಲಾದವು ಸೋರಿ ಅದು ಸಾಯುತ್ತದೆ. ಆದರೆ ಸಾಲ್ಮೊನೆಲ್ಲಾ, ಇ. ಕೋಲಿಗಳಿಗೆ ಹೊರಗೊಂದು ಪೊರೆ ಹೆಚ್ಚಿರುವುದರಿಂದ ಅವು ಸಾಮಾನ್ಯವಾಗಿ ಅಷ್ಟು ಸುಲಭವಾಗಿ ಬಗ್ಗವು. ಪ್ರಯೋಗಶಾಲೆಯ ಸಾರಿನಲ್ಲಿ ಸಾಕಾಗುವ ಎಣ್ಣೆ ಹಾಲು-ಕೆನೆಯಲ್ಲಿ ಸಾಲದು. ಜಿಡ್ಡು ಅದನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬೇಕಾದಷ್ಟು ಹಾಕಿದರೆ ಘಾಟಿಗೆ ಯಾರೂ ತಿನ್ನಲಾರರು!

“ಅಷ್ಟು ಬೇಗ ವಾಂತಿಯಾಗಿದ್ದರೆ ಸ್ಟೆಫೈಲೊಕಾಕಸ್ಸಿನ ನಂಜೇ ಇರಬೇಕ್ರಿ ಸರ್. ನೀವು ಕುದಿಸಿದಾಗ ಅದು ಸತ್ತಿರತದ, ಅದು ಬಿಟ್ಟ ನಂಜು ಸಾಯೂದಿಲ್ಲ. ನಿಮ್ಮ ಅಜವಾನ ಕಳ್ಳ ಹೋದ ಮ್ಯಾಲ ಬಂದ ಪೊಲೀಸ” ಎಂದು ನಕ್ಕಳು. ನನಗೆ ನಗೆ ಬರಲಿಲ್ಲ. ಬಾಸುಂದಿಯನ್ನು ಸಂಜೆಯ ಬದಲು ಅಂದೇ ಬೆಳಿಗ್ಗೆ ಮಾಡಿಸಿದ್ದರೆ ಸಾಕಿತ್ತು.

ಸಲಾಯಿನ್ ಹಚ್ಚಿಸಿಕೊಂಡ ಆ ಹುಡುಗ ಈಗ ನಿಪ್ಪಾಣಿಯಲ್ಲಿದ್ದಾನೆ, ಮೊಮ್ಮಕ್ಕಳನ್ನು ಕಂಡಿದ್ದಾನೆ. ದೀಪಾವಳಿಗೆ ತಪ್ಪದೆ ಬಂದು ಕಾಲಿಗೆ ನಮಸ್ಕರಿಸುತ್ತಾನೆ. ನಮ್ಮ ಮನೆಯಲ್ಲಿ ಚಹಾ ಮಾತ್ರ ಕುಡಿಯುತ್ತಾನೆ.