ತೆಗೆದ ಹೂಳನ್ನು ಎಲ್ಲಿ ಮಡಗುವುದು?

ಬೇಸಿಗೆಯಲ್ಲಿ ಹೊಳೆ ಸೊರಗಿದಾಗಲೆಲ್ಲ ನಮ್ಮ ಕಡೆ ‘ಹೂಳೆತ್ತಬೇಕು’ ಎಂಬ ಕೂಗು ಏಳುತ್ತದೆ. ಮಳೆಗಾಲದಲ್ಲಿ ನೀರು ದಂಡೆ ಮೀರಿ ಗದ್ದೆಗೆ ನುಗ್ಗಿದಾಗ ಅದೇ ಕೂಗು ಇನ್ನೂ ಜೋರಾಗುತ್ತದೆ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಬಗ್ಗೆ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದಲ್ಲಿ ಕಾವೇರಿಯ ಬಗ್ಗೆ, ಎಚ್.ಡಿ. ಕೋಟೆಯಲ್ಲಿ ಕಬಿನಿಯ ಬಗ್ಗೆ ಈ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಹೇಗೆ ಎತ್ತಬೇಕೆಂದು ಹೇಳುವವರು ಬಹಳ ಮಂದಿ. ಎತ್ತಿದ್ದನ್ನು ಎಲ್ಲಿಡಬೇಕೆಂದು ಕೇಳುವವರು ಕಡಿಮೆ. ಯೋಜನೆಯ ನಿಜವಾದ ಕಷ್ಟ ಇರುವುದು ಅಲ್ಲಿಯೇ.

ಹೂಳು ಬರುವುದು ಮೇಲಿನಿಂದ. ಲಕ್ಷ್ಮಣತೀರ್ಥ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪು ಜಲಪಾತವಾಗಿ ಇಳಿದು, ಹನಗೋಡು, ಹುಣಸೂರು ದಾಟಿ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಇಳಿಜಾರಿನಲ್ಲಿ ಓಡುವ ನೀರಿಗೆ ಮಣ್ಣು ಹೊರುವ ಶಕ್ತಿ ಹೆಚ್ಚು. ಬಯಲಿಗೆ ಬಂದು ನಡಿಗೆ ನಿಧಾನವಾದ ಕೂಡಲೇ ಅದು ಹೊರೆಯನ್ನು ಇಳಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಆ ಮಣ್ಣು ಹಾರಂಗಿ ಜಲಾಶಯಕ್ಕೂ ಬಂದು ಸೇರಿತು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರದ ಗದ್ದೆಗಳಿಗೆ ನೀರು ಕೊಡುವ ಜಲಾಶಯ ಅದು. ಮೇಲಿನ ಗುಡ್ಡ ಜಾರಿದರೆ ಕೆಳಗಿನ ಕಾಲುವೆಗೂ ತೊಂದರೆಯೇ.

ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗವಿದೆ. ಗಾಜಿನ ಶೀಸೆಯೊಂದಕ್ಕೆ ಹೊಳೆದಂಡೆಯ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಡಿ. ಮರಳು ಕಣ್ಣೆದುರಿಗೇ ತಳ ಸೇರುತ್ತದೆ. ಅದಕ್ಕಿಂತ ನುಣುಪಾದ ಮಣ್ಣಿಗೆ ಹೆಚ್ಚು ಹೊತ್ತು ಬೇಕು. ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಹೊಳೆಯಿಂದ ಪಂಪಿನಲ್ಲಿ ಎಳೆದ ಹೂಳು ಹೀಗೆಯೇ ನೀರು ಬೆರೆತ ರಾಡಿ. ಅದನ್ನು ಬದು ಕಟ್ಟಿದ ಹೊಂಡದಲ್ಲಿ ನಿಲ್ಲಿಸಿ, ಮಣ್ಣು ತಳಕ್ಕಿಳಿಯುವವರೆಗೆ ಕಾದು, ಮೇಲಿನ ತಿಳಿನೀರನ್ನು ಮಾತ್ರ ಹೊಳೆಗೆ ಬಿಡಬೇಕು. ಅವಸರಪಟ್ಟರೆ ತೆಗೆದ ಹೂಳೇ ಮತ್ತೆ ಹೊಳೆಗೆ ಸೇರುತ್ತದೆ.

ಇನ್ನು ಲೆಕ್ಕ. 30 ಮೀಟರ್ ಅಗಲದ ಹೊಳೆಯನ್ನು ಒಂದು ಕಿಲೋಮೀಟರ್ ಉದ್ದಕ್ಕೆ, ಒಂದು ಮೀಟರ್ ಆಳಕ್ಕೆ ತೋಡಿದರೆ 30,000 ಘನ ಮೀಟರ್ ಹೂಳು ಸಿಗುತ್ತದೆ. ದೊಡ್ಡ ಟಿಪ್ಪರೊಂದು 10 ಘನ ಮೀಟರ್ ಹೊರುತ್ತದೆಂದು ಇಟ್ಟುಕೊಂಡರೆ ಮೂರು ಸಾವಿರ ಲೋಡು. ಎರಡು ಮೀಟರ್ ಎತ್ತರಕ್ಕೆ ಹರಡಿದರೂ ಮೂರೂಮುಕ್ಕಾಲು ಎಕರೆ ಬೇಕು. ಜಲಾಶಯದ ಲೆಕ್ಕ ಇನ್ನೂ ದೊಡ್ಡದು. ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಅಷ್ಟು ಹೂಳನ್ನು ನಿಮಿಷಕ್ಕೊಂದು ಟಿಪ್ಪರಿನಂತೆ ಹಗಲಿರುಳು ಸಾಗಿಸಿದರೂ ಐದು ವರ್ಷ ದಾಟುತ್ತದೆ. ಒಂದು ಮೀಟರ್ ದಪ್ಪಕ್ಕೆ ಹರಡಲು ಏಳು ಸಾವಿರ ಎಕರೆ ಬೇಕು. ಅಲ್ಲಿ ಹೂಳೆತ್ತುವ ಬದಲು ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ಬಂದದ್ದು ಏಕೆಂದು ಈ ಲೆಕ್ಕ ನೋಡಿದರೆ ತಿಳಿಯುತ್ತದೆ.

ನಮ್ಮ ಚಿಕ್ಕಪ್ಪನಿಗೆ ಈ ಅಂಕಿಗಳು ಗೊತ್ತಿರಲಿಲ್ಲ. ಆದರೆ ಹುಣಸೂರು ಕಡೆಯ ನಮ್ಮೂರಿನಲ್ಲಿ ಹಳ್ಳದ ಹೂಳು ತೆಗೆಯುವಾಗ, ಅದನ್ನು ಹಾಕಲು ಅವರ ಒಂದೂವರೆ ಎಕರೆ ಹೊಲ ಕೇಳಿಕೊಂಡು ಎಳೆಯ ಎಂಜಿನಿಯರೊಬ್ಬರು ಬಂದಿದ್ದರು. ಅದಕ್ಕೆ ಹಿಂದಿನ ಸಲ ಗುತ್ತಿಗೆದಾರರು ಹೂಳನ್ನು ದಂಡೆಯ ಮೇಲೇ ಸುರಿದು ಹೋಗಿದ್ದರು. ಮೊದಲ ದೊಡ್ಡ ಮಳೆಗೆ ಅದೆಲ್ಲ ಹಳ್ಳಕ್ಕೇ ಇಳಿದು, ‘ಹೂಳು ತವರಿಗೆ ಹೋದಂಗೆ ಹೋಗಿ ವಾಪಸ್ ಬಂತು’ ಎಂದು ಊರೆಲ್ಲ ನಕ್ಕಿತ್ತು. ಚಿಕ್ಕಪ್ಪ ಈ ಸಲ ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

‘ಕೊಡೋಣ ಸ್ವಾಮಿ. ಎಷ್ಟು ದಿನ ಮಡಗ್ತೀರಿ? ಅದ್ರ ನೀರು ಯಾವ ಕಡೆ ಹೋಯ್ತದೆ? ನಮ್ ಹೊಲದ ಮೇಲ್ಮಣ್ಣು ಏನ್ ಮಾಡ್ತೀರಿ?’ ಎಂದರು.

ಎಂಜಿನಿಯರು ಮೂರನ್ನೂ ಡೈರಿಯಲ್ಲಿ ಬರೆದುಕೊಂಡು ಹೋದರು. ವಾರದ ನಂತರ ಬಂದು, ಅರ್ಧ ಅಡಿ ಮೇಲ್ಮಣ್ಣನ್ನು ಕೆರೆದು ಬೇರೆ ರಾಶಿ ಹಾಕುವುದು, ಸುತ್ತ ಬದು ಕಟ್ಟಿ ಬಾವಿಯಿಲ್ಲದ ಕಡೆಗೆ ನೀರು ಬಿಡುವುದು, ಮುಂದಿನ ಮುಂಗಾರಿಗೆ ಮೊದಲು ಹೊಲ ತೆರವು ಮಾಡುವುದು ಎಂದು ಕಾಗದ ಮಾಡಿಕೊಟ್ಟರು. ಒಂದು ಬೆಳೆಯ ರಾಗಿ ಹೋಯಿತು. ಪರಿಹಾರದ ಹಣಕ್ಕೆ ಮೂರು ಸಲ ಅಲೆದದ್ದೂ ಉಂಟು. ಕಾಗದದಲ್ಲಿ ತಾರೀಕು ಇದ್ದದ್ದರಿಂದ ಕೊನೆಗೆ ಅದೂ ಬಂತು. ಒಣಗಿದ ಗೋಡನ್ನು ಊರವರು ಟ್ರ್ಯಾಕ್ಟರಿನಲ್ಲಿ ತಮ್ಮ ತೆಂಗಿಗೆ, ರಾಗಿ ಹೊಲಕ್ಕೆ ಹೊಡೆದುಕೊಂಡರು. ಹಿಂದೆ ಎತ್ತಿನ ಗಾಡಿಗಳು ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುತ್ತಿದ್ದ ಪದ್ಧತಿಯೇ ಇದು. ಹೂಳಿಗೆ ಒಳ್ಳೆಯ ಜಾಗ ಅದನ್ನು ಬೇಕೆನ್ನುವವರ ಹೊಲ.

ಆದರೆ ಎಲ್ಲ ಹೂಳೂ ಒಂದೇ ಅಲ್ಲ, ಎಲ್ಲ ಹೊಲವೂ ಒಂದೇ ಅಲ್ಲ. ಹುಣಸೂರು ಪಟ್ಟಣದಲ್ಲಿ ಲಕ್ಷ್ಮಣತೀರ್ಥಕ್ಕೆ ಚರಂಡಿ ನೀರು ಸೇರುತ್ತದೆಂಬ ದೂರು ಹಳೆಯದು. ಅಂಥ ಕಡೆಯ ಹೂಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ತರಕಾರಿ ಬೆಳೆಯುವ ನೆಲಕ್ಕೆ ಹಾಕಬಾರದು. ಪಿರಿಯಾಪಟ್ಟಣದ ಹೊಗೆಸೊಪ್ಪು ಹಗುರ ಮಣ್ಣನ್ನು ಬಯಸುತ್ತದೆ. ಅದಕ್ಕೆ ಜೇಡಿ ಹೊಡೆದರೆ ಲಾಭವಿಲ್ಲ. ಕಬಿನಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಆ ಹೂಳಿನ ಮೇಲೆಯೇ ಹುಲ್ಲು ಚಿಗುರಿ, ನಾಗರಹೊಳೆ, ಬಂಡೀಪುರದ ಆನೆಗಳು ಹಿಂಡುಹಿಂಡಾಗಿ ಮೇಯಲು ಬರುತ್ತವೆ. ನಮ್ಮ ಕಣ್ಣಿಗೆ ಖಾಲಿ ಕಂಡ ಜಾಗ ಖಾಲಿಯೇ ಆಗಿರಬೇಕೆಂದಿಲ್ಲ. ಜಾಗದ ಎತ್ತರವೂ ಮುಖ್ಯ. ಹೊಳೆದಂಡೆಯ ಹಳೆಯ ಎಡತೊರೆಗೆ ಪ್ರವಾಹದ ಕಾಟವಿದ್ದುದರಿಂದಲೇ ಎತ್ತರದ ನೆಲದಲ್ಲಿ ಕೃಷ್ಣರಾಜನಗರ ಎದ್ದಿತು. ಊರಿಗೇ ಬೇಡವಾದ ತಗ್ಗಿನಲ್ಲಿ ಹೂಳಿನ ರಾಶಿ ಹೇಗೆ ನಿಂತೀತು?

ಅತಿಯಾಗಿ ತೋಡುವುದೂ ಅಪಾಯವೇ. ಮರಳನ್ನೆಲ್ಲ ಬಳಿದರೆ ದಂಡೆ ಕುಸಿಯುತ್ತದೆ, ಸೇತುವೆಯ ಬುಡ ಸಡಿಲವಾಗುತ್ತದೆ, ಪಕ್ಕದ ಬಾವಿಯ ನೀರೂ ಇಳಿಯುತ್ತದೆ.

ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ನಕ್ಷೆಯೊಂದನ್ನು ಬರೆಯಬಹುದು. ಹೊಳೆ, ಹಳ್ಳ, ಬಾವಿ, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು, ದನ ಮೇಯುವ ಗೋಮಾಳ, ಇವನ್ನೆಲ್ಲ ಅದರಲ್ಲಿ ಗುರುತಿಸಲಿ. ಎಷ್ಟು ವರ್ಷದ ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಜ್ಜ ಅಜ್ಜಿಯರು ಹೇಳುತ್ತಾರೆ. ಆ ಗೆರೆಯನ್ನೂ ಎಳೆಯಲಿ. ನಾಳೆ ಹೂಳೆತ್ತುವ ಯೋಜನೆ ಗ್ರಾಮಸಭೆಗೆ ಬಂದರೆ, ತಂದೆ ತಾಯಂದಿರು ಆ ನಕ್ಷೆಯನ್ನು ಮುಂದಿಟ್ಟು ನಮ್ಮ ಚಿಕ್ಕಪ್ಪನ ಮೂರು ಪ್ರಶ್ನೆಗಳನ್ನು ಕೇಳಲಿ. ಉತ್ತರವನ್ನು ತಾರೀಕಿನ ಸಮೇತ ಕಾಗದದಲ್ಲಿ ಪಡೆದ ಮೇಲೆ ಯಂತ್ರ ಹೊಳೆಗಿಳಿಯಲಿ.